ಹಳೇ ಕಾರು ಒಮ್ಮೊಮ್ಮೆ ಸ್ಟಾರ್ಟ್ ಆಗಲ್ಲ, ಪಿಕಪ್ಪೂ ಇಲ್ಲ ಅಂದ್ರೆ ಎಲ್ಲಿಂದ ಹುಡುಕ್ಬೇಕು

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗೋ ಗಾಡಿ ಬಿಸಿ ಆದ್ಮೇಲೆ ಒಂದು ಹತ್ತು ನಿಮಿಷ ನಿಲ್ಲಿಸಿ ವಾಪಸ್ ಬಂದ್ರೆ ಬರೀ ಸೆಲ್ಫ್ ತಿರುಗುತ್ತೆ ಅಷ್ಟೇ, ಸ್ಟಾರ್ಟ್ ಆಗಲ್ಲ. ಇನ್ನರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತೆ. ಓಡಿಸುವಾಗ ಏರು ಬಂತು ಅಂತ ಆಕ್ಸಿಲರೇಟರ್ ಒತ್ತಿದ್ರೆ ಸೌಂಡ್ ಬರುತ್ತೆ, ಎಳೆಯಲ್ಲ. ಮೆಕ್ಯಾನಿಕ್ ಮುಂದೆ ಹೋಗಿ ನಿಲ್ಲಿಸಿದ್ರೆ ಮಾತ್ರ ಗಡಿಯಾರದ ಹಾಗೆ ಓಡುತ್ತೆ. ಇಲ್ಲಿಂದ ಶುರುವಾಗುತ್ತೆ ನೋಡಿ ಪಾರ್ಟ್ ಬದಲಾಯಿಸೋ ಆಟ, ಮೊದಲು ಪ್ಲಗ್, ಆಮೇಲೆ ಬ್ಯಾಟರಿ, ಆಮೇಲೆ ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡೋದು), ಆಮೇಲೆ ಪಂಪ್, ದುಡ್ಡು ಹೋಯ್ತು ತೊಂದರೆ ಹೋಗ್ಲಿಲ್ಲ.

ಬಂದು ಹೋಗೋ ತೊಂದರೆನ ಗಾಡಿ ಚೆನ್ನಾಗಿರುವಾಗ ಚೆಕ್ ಮಾಡಿ ಪ್ರಯೋಜನ ಇಲ್ಲ. ಅದು ಕೆಟ್ಟಿರೋ ಆ ನಾಲ್ಕೈದು ನಿಮಿಷದಲ್ಲೇ ಹಿಡೀಬೇಕು, ಅದಕ್ಕೆ ಏನೇನು ನೋಡ್ಬೇಕು ಅಂತ ಮೊದಲೇ ರೆಡಿ ಇರ್ಬೇಕು. ಈ ಬರಹ ಪೂರ್ತಿ ಅದರ ಬಗ್ಗೆನೇ. ಪೆಟ್ರೋಲ್ ಇಂಜೆಕ್ಷನ್ ಗಾಡಿಗಳನ್ನ ತಲೇಲಿ ಇಟ್ಕೊಂಡು ಬರೆದಿದೀನಿ, ಕಾರ್ಬುರೇಟರ್ ಗಾಡಿಗೆ ಕೊನೇಲಿ ಸ್ವಲ್ಪ ಇದೆ, ಡೀಸೆಲ್ ವಿಷಯಾನೇ ಬೇರೆ, ಅದು ಇಲ್ಲಿ ಬರಲ್ಲ.

ಬಾನೆಟ್ ಎತ್ತೋಕೆ ಮುಂಚೆ

ಮೊದಲು ಒಂದು ಪೇಪರ್ ತಗೊಂಡು ಯಾವಾಗ ಕೈ ಕೊಡುತ್ತೆ ಅಂತ ಬರೀರಿ. ತಣ್ಣಗಿದ್ದಾಗಲಾ ಬಿಸಿ ಇದ್ದಾಗಲಾ, ಮಳೆ ಬಂದಾಗ ಜಾಸ್ತಿನಾ, ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ ಮಾತ್ರಾನಾ, ಹೊಂಡಕ್ಕೆ ಬಿದ್ದು ಎದ್ದ ಮೇಲಾ. ಇದು ಸುಮ್ನೆ ಕಾಟಾಚಾರಕ್ಕೆ ಅಲ್ಲ. ಬಿಸಿಯಲ್ಲಿ ಮಾತ್ರ ಅಂದ್ರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗ್ತಿರೋದನ್ನ ಕಂಪ್ಯೂಟರ್‌ಗೆ ಹೇಳೋದು), ಕಾಯಿಲ್, ರಿಲೇ (ಕರೆಂಟ್ ಆನ್ ಆಫ್ ಮಾಡೋ ಸ್ವಿಚ್ಚು), ಲೀಕ್ ಆಗೋ ಇಂಜೆಕ್ಟರ್ (ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋದು) ಕಡೆ ಹೋಗುತ್ತೆ ಅನುಮಾನ. ತೇವ ಇದ್ದಾಗ ಮಾತ್ರ ಅಂದ್ರೆ ಪ್ಲಗ್ಗಿಗೆ ಹೋಗೋ ಹೈ ಟೆನ್ಷನ್ ವೈರು, ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪ್. ಬೆಳಿಗ್ಗೆ ಮೊದಲ ಸಲ ಮಾತ್ರ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು ಅಂದ್ರೆ ರಾತ್ರಿ ಫ್ಯೂಯಲ್ ಲೈನ್‌ನಲ್ಲಿ ಪ್ರೆಷರ್ ಇಳಿದು ಹೋಗ್ತಿದೆ ಅಂತ ಅರ್ಥ ಮಾಡ್ಕೋಬಹುದು.

ಇನ್ನೊಂದು ಪ್ರಶ್ನೆ, ಸ್ಟಾರ್ಟಿಂಗ್ ಪ್ರಾಬ್ಲಮ್ಮು ಪಿಕಪ್ ಪ್ರಾಬ್ಲಮ್ಮು ಎರಡೂ ಒಟ್ಟಿಗೆ ಶುರುವಾಯ್ತಾ? ಒಟ್ಟಿಗೆ ಬಂದಿದ್ರೆ ಒಂದೇ ಕಾರಣ ಇರೋ ಚಾನ್ಸ್ ಜಾಸ್ತಿ, ಆಗ ಎರಡನ್ನೂ ಮಾಡಬಲ್ಲಂಥ ತೊಂದರೆಗಳನ್ನ ಮಾತ್ರ ಮೊದಲು ನೋಡಿ, ಪಟ್ಟಿ ತುಂಬಾ ಚಿಕ್ಕದಾಗುತ್ತೆ: ಫ್ಯೂಯಲ್ ಪ್ರೆಷರ್, ವೀಕ್ ಸ್ಪಾರ್ಕ್, ಕ್ರ್ಯಾಂಕ್ ಸೆನ್ಸರ್, ಕೂಲೆಂಟ್ ಟೆಂಪರೇಚರ್ ಸೆನ್ಸರ್, ಮತ್ತೆ ಇಂಜಿನ್ ಕಂಪ್ಯೂಟರ್‌ಗೆ ಹೋಗೋ ಪವರ್ ಮತ್ತು ಅರ್ತ್. ಸ್ಟಾರ್ಟರ್ ಮೋಟರ್ ಹೋದ್ರೆ ಪಿಕಪ್ ಕಮ್ಮಿ ಆಗಲ್ಲ, ಕ್ಲಚ್ ಸ್ಲಿಪ್ ಆದ್ರೆ ಸ್ಟಾರ್ಟಿಂಗ್ ಕೆಡಲ್ಲ. ಆದ್ರೆ ಹಳೇ ಗಾಡಿ ಅಲ್ವಾ, ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಇರೋದೂ ಉಂಟು, ಒಂದು ಸಿಕ್ತು ಅಂತ ಹುಡುಕೋದು ನಿಲ್ಲಿಸ್ಬೇಡಿ.

ಸೆಲ್ಫ್ ತಿರುಗುತ್ತಾ ಇಲ್ವಾ

ಸ್ಟಾರ್ಟ್ ಆಗಲ್ಲ ಅಂದ್ರೆ ಎರಡು ಅರ್ಥ ಇದೆ, ಎಷ್ಟೋ ಜನ ಇದನ್ನ ಹೇಳೋದೇ ಇಲ್ಲ. ಕೀ ತಿರುಗಿಸಿದಾಗ ಇಂಜಿನ್ ತಿರುಗ್ತಾನೇ ಇಲ್ವಾ, ಅಥವಾ ಚೆನ್ನಾಗಿ ತಿರುಗಿನೂ ಹತ್ಕೋತಿಲ್ವಾ. ತಿರುಗ್ತಾ ಇಲ್ಲ ಅಂದ್ರೆ ಪೆಟ್ರೋಲು ಪ್ಲಗ್ಗು ಏನೂ ನೋಡೋ ಅಗತ್ಯ ಇಲ್ಲ, ಅದು ಬ್ಯಾಟರಿ, ಕೇಬಲ್, ಸ್ಟಾರ್ಟರ್ ಮೋಟರ್, ಇಗ್ನಿಷನ್ ಸ್ವಿಚ್, ಆಟೋಮ್ಯಾಟಿಕ್ ಗೇರ್ ಇದ್ರೆ ನ್ಯೂಟ್ರಲ್ ಸ್ವಿಚ್ (ಗೇರಲ್ಲಿದ್ದಾಗ ಸ್ಟಾರ್ಟ್ ಆಗದ ಹಾಗೆ ತಡೆಯೋದು), ಇಷ್ಟರೊಳಗೇ ಇರುತ್ತೆ.

ಬ್ಯಾಟರಿ ಒಂದೆರಡು ಗಂಟೆ ಸುಮ್ನೆ ಇದ್ದ ಮೇಲೆ 12.6 ವೋಲ್ಟ್ ಆಸುಪಾಸು ಇದ್ರೆ ಫುಲ್ ಚಾರ್ಜ್, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಅಂತಾನೇ ತಿಳ್ಕೊಳ್ಳಿ. ಆದ್ರೆ ಸುಮ್ನೆ ಇರುವಾಗಿನ ವೋಲ್ಟೇಜ್ ನಂಬಬೇಡಿ, ಇನ್ನೊಬ್ಬರನ್ನ ಕೂರಿಸಿ ಸೆಲ್ಫ್ ಹೊಡೆಸ್ತಾ ಬ್ಯಾಟರಿಗೆ ಹಿಡಿದ ವೋಲ್ಟ್ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಇಳಿದ್ರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು. ಬ್ಯಾಟರಿ ಹತ್ರ 11 ಇದೆ, ಆದ್ರೂ ಸ್ಟಾರ್ಟರ್ ಸುಸ್ತಾಗಿ ತಿರುಗ್ತಿದೆ ಅಂದ್ರೆ ಮಧ್ಯ ಎಲ್ಲೋ ಕರೆಂಟ್ ತಡೀತಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ ಇಡಿ, ಕ್ಲ್ಯಾಂಪಿಗೆ ಅಲ್ಲ, ಕಂಬಕ್ಕೇನೇ. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕಿನ ಹೊಳೆಯೋ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದ್ರೆ ಅರ್ತ್ ಕೇಬಲ್ಲೋ ಕ್ಲ್ಯಾಂಪೋ ಕೆಟ್ಟಿದೆ. ಪ್ಲಸ್ ಕಡೆ ಇದೇ ಥರ ಬ್ಯಾಟರಿ ಕಂಬದಿಂದ ಸ್ಟಾರ್ಟರ್ ಬೋಲ್ಟ್‌ವರೆಗೆ ನೋಡಿ, ಅಲ್ಲಿ 0.5 ದಾಟಬಾರದು.

ಬರೀ ಒಂದು ಟಕ್ ಅಂತ ಶಬ್ದ ಬಂದು ಸುಮ್ನಾದ್ರೆ, ಬ್ಯಾಟರಿ ಕೇಬಲ್ ಎಲ್ಲ ಸರಿ ಇದ್ರೆ, ಸೊಲೆನಾಯ್ಡ್ (ಸ್ಟಾರ್ಟರ್ ಮೋಟರಿಗೆ ಕರೆಂಟ್ ಕೊಡೋ ಸ್ವಿಚ್ಚು) ಕಾಂಟ್ಯಾಕ್ಟ್ ಅಥವಾ ಮೋಟರಿನ ಬ್ರಷ್ ಸವೆದಿದೆ ಅಂತ. ಮೋಟರ್ ಮೇಲೆ ಮೆಲ್ಲಗೆ ತಟ್ಟಿದಾಗ ತಿರುಗಿತು ಅಂದ್ರೆ ಅದು ರಿಪೇರಿ ಅಲ್ಲ, ರೋಗ ಗೊತ್ತಾಯ್ತು ಅಷ್ಟೇ. ಟಕ ಟಕ ಟಕ ಅಂತ ಬೇಗ ಬೇಗ ಬಡಿದುಕೊಂಡ್ರೆ ಬ್ಯಾಟರಿ ಇಳಿದಿದೆ ಅಥವಾ ಕ್ಲ್ಯಾಂಪ್ ಲೂಸ್.

ತಿರುಗುತ್ತೆ, ಹತ್ಕೊಳ್ಳಲ್ಲ

ಇಲ್ಲೇ ಆ ನಾಲ್ಕೈದು ನಿಮಿಷ ಬೆಲೆ ಬಾಳೋದು. ಗಾಡಿ ಕೈ ಕೊಟ್ಟ ತಕ್ಷಣ ಸೆಲ್ಫ್ ಹೊಡೀತಾನೇ ಇರ್ಬೇಡಿ, ನಿಲ್ಲಿಸಿ, ರೇಡಿಯೋ ಫ್ಯಾನ್ ಎಲ್ಲ ಆಫ್ ಮಾಡಿ, ಕೀ ಆನ್ ಪೊಸಿಷನ್‌ಗೆ ಮಾತ್ರ ತಂದು ಕಿವಿ ಕೊಟ್ಟು ಕೇಳಿ. ಹಿಂದಿನ ಸೀಟಿನ ಕೆಳಗೆ ಅಥವಾ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅಂತ ಶಬ್ದ ಬರ್ಬೇಕು, ಅದು ಫ್ಯೂಯಲ್ ಪಂಪ್. ಹೆಚ್ಚಿನ ಗಾಡಿಗಳಲ್ಲಿ ಹೀಗೇ, ಕೆಲವು ಹಳೇ ಮಾಡೆಲ್‌ಗಳಲ್ಲಿ ಇಂಜಿನ್ ತಿರುಗಿದಾಗ ಮಾತ್ರ ಪಂಪ್ ಓಡುತ್ತೆ. ಚೆನ್ನಾಗಿದ್ದಾಗ ನಿಮ್ಮ ಗಾಡಿ ಏನು ಮಾಡುತ್ತೆ ಅಂತ ಮೊದಲೇ ಕೇಳಿ ಇಟ್ಕೊಂಡಿರಿ, ಇಲ್ದಿದ್ರೆ ಕೆಟ್ಟಾಗ ಹೋಲಿಸೋಕೆ ಏನೂ ಇರಲ್ಲ.

ಆಮೇಲೆ ಡ್ಯಾಶ್‌ಬೋರ್ಡ್ ನೋಡಿ. ಕಳ್ಳತನ ತಡೆಯೋ ಇಮ್ಮೊಬಿಲೈಸರ್ ಲೈಟ್ ಮಿನುಗ್ತಾ ಇದ್ಯಾ? ಇದ್ರೆ ಕೀ ಒಳಗಿನ ಚಿಪ್ ಓದ್ತಾ ಇಲ್ಲ, ಇನ್ನೊಂದು ಕೀ ಇದ್ರೆ ಅದನ್ನ ಹಾಕಿ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಅಲುಗುತ್ತಾ? ಚೆನ್ನಾಗಿದ್ದಾಗ ಅಲುಗ್ತಿದ್ದು ಈಗ ಸೊನ್ನೆಯಲ್ಲೇ ಸತ್ತು ಬಿದ್ದಿದ್ರೆ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಬರ್ತಿಲ್ಲ ಅನ್ನೋಕೆ ಒಳ್ಳೇ ಸುಳಿವು. ಸೈಲೆನ್ಸರ್ ಹತ್ರ ಹೋಗಿ ಮೂಸಿ, ಜೋರಾಗಿ ಪೆಟ್ರೋಲ್ ವಾಸನೆ ಇದ್ರೆ ಪೆಟ್ರೋಲ್ ಬರ್ತಿದೆ ಸ್ಪಾರ್ಕ್ ಇಲ್ಲ, ಅಥವಾ ಪ್ಲಗ್ ನೆನೆದು ಹೋಗಿದೆ. ನೆನೆದಿದ್ರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೊಂಡು ಸೆಲ್ಫ್ ಹೊಡೀರಿ, ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಆಗ ಕಂಪ್ಯೂಟರ್ ಇಂಜೆಕ್ಟರ್ ಬಂದ್ ಮಾಡುತ್ತೆ, ಒಳಗಿನ ಪೆಟ್ರೋಲ್ ಒಣಗುತ್ತೆ. ವಾಸನೆನೇ ಇಲ್ಲ ಅಂದ್ರೆ ಪೆಟ್ರೋಲ್ ಕಡೆ ನಡೀರಿ.

ಫ್ಯೂಯಲ್ ಪ್ರೆಷರ್, ಇಲ್ಲೇ ಜಾಸ್ತಿ ಹೊತ್ತು ಕಳೀರಿ

ಸ್ಟಾರ್ಟಿಂಗೂ ಪಿಕಪ್ಪೂ ಎರಡೂ ಕೆಟ್ಟಿರೋ ಹಳೇ ಗಾಡಿಲಿ ನಾನು ಮೊದಲು ಕೈ ಹಾಕೋದು ಇಲ್ಲಿಗೇ. ಪಂಪ್ ಶಬ್ದ ಮಾಡ್ತಿದೆ ಅಂದ ಮಾತ್ರಕ್ಕೆ ಪ್ರೆಷರ್ ಇದೆ ಅಂತಲ್ಲ. ಗೇಜ್ ಹಾಕಿ ನೋಡ್ಬೇಕು, ಬೇರೆ ದಾರಿ ಇಲ್ಲ. ಪೋರ್ಟ್ ಇಂಜೆಕ್ಷನ್ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್) ಇರೋ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ 2.5ರಿಂದ 3.5 ಬಾರ್ ಇರುತ್ತೆ, ಥ್ರಾಟಲ್ ಬಾಡಿಲಿ (ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಒಂದೇ ಇಂಜೆಕ್ಟರ್ ಇರೋ ಗಾಡಿಲಿ ಇನ್ನೂ ಕಮ್ಮಿ, ನಿಮ್ಮ ಮಾಡೆಲ್‌ನ ಸರಿಯಾದ ನಂಬರ್ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡ್ಕೊಳ್ಳಿ. ಲೈನ್ ಬಿಚ್ಚೋಕೆ ಮುಂಚೆ ಪಂಪ್ ಫ್ಯೂಸ್ ಕಿತ್ತು ಇಂಜಿನ್ ತಾನಾಗೇ ಆಫ್ ಆಗೋವರೆಗೂ ಓಡಿಸಿ ಪ್ರೆಷರ್ ಇಳಿಸಿ, ಇಂಜಿನ್ ತಣ್ಣಗಿರ್ಲಿ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿರ್ಲಿ. ಇದರಲ್ಲಿ ಮಾತ್ರ ತಮಾಷೆ ಬೇಡ.

ಐಡ್ಲಿಂಗ್‌ನಲ್ಲಿ ಪ್ರೆಷರ್ ಸರಿ ಇದೆ ಅಂತ ಗೇಜ್ ಬಿಚ್ಚಿಡ್ಬೇಡಿ. ಐಡ್ಲಿಂಗ್‌ನಲ್ಲಿ ಇಂಜಿನ್ ಕುಡಿಯೋದು ಚೂರೇ ಚೂರು, ಅರ್ಧ ಸತ್ತ ಪಂಪೂ ಅಷ್ಟು ಕೊಡುತ್ತೆ. ಲೋಡ್ ಬಿದ್ದಾಗ ನೋಡ್ಬೇಕು. ಉದ್ದ ಪೈಪಿನ ಗೇಜ್ ಇದ್ರೆ ಅದನ್ನ ವಿಂಡ್‌ಸ್ಕ್ರೀನ್ ಹೊರಗಡೆ ವೈಪರ್ ಹತ್ರ ಗಟ್ಟಿಯಾಗಿ ಕಟ್ಟಿ, ಪೈಪ್ ಬಿಸಿ ಜಾಗಕ್ಕೆ ಫ್ಯಾನಿಗೆ ತಾಗದ ಹಾಗೆ ಹಾಯಿಸಿ, ಎಲ್ಲೂ ಲೀಕ್ ಇಲ್ಲ ಅಂತ ಎರಡೆರಡು ಸಲ ನೋಡ್ಕೊಂಡು ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಂಡು ಏರಿನಲ್ಲಿ ಓಡಿಸಿ, ಗೇಜ್ ಓದೋದು ಅವರ ಕೆಲಸ, ನಿಮ್ಮದು ರೋಡ್ ನೋಡೋದು. ಗೇಜ್ ಪೈಪನ್ನ ಯಾವ ಕಾರಣಕ್ಕೂ ಕ್ಯಾಬಿನ್ ಒಳಗೆ ತರ್ಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಳ್ಳು ಮೆಲ್ಲಗೆ ಇಳೀತಾ ಹೋಯ್ತು, ಗಾಡಿನೂ ಅದೇ ಟೈಮಿಗೆ ಮುಗ್ಗರಿಸೋಕೆ ಶುರು ಮಾಡ್ತು ಅಂದ್ರೆ ಕಳ್ಳ ಸಿಕ್ಕಿದ ಹಾಗೇ.

ಸಿಕ್ಕಿದ ಅಂತ ತಕ್ಷಣ ಪಂಪ್ ತರೋಕೆ ಓಡ್ಬೇಡಿ. ಮೊದಲು ಫಿಲ್ಟರ್, ಅದು ಎಷ್ಟು ಕಾಲದಿಂದ ಬದಲಾಯಿಸಿಲ್ಲವೋ ಯಾರಿಗೂ ಗೊತ್ತಿರಲ್ಲ. ಆಮೇಲೆ ಪಂಪಿಗೆ ಎಷ್ಟು ವೋಲ್ಟೇಜ್ ಬರ್ತಿದೆ ನೋಡಿ, ಕನೆಕ್ಟರ್ ಬಿಚ್ಚಿ ಅಲ್ಲ, ಹಾಕೇ ಇಟ್ಟು, ಪಂಪ್ ಓಡ್ತಾ ಇರುವಾಗ, ಕನೆಕ್ಟರ್ ಹಿಂದಿನಿಂದ ಪಿನ್ ತೂರಿಸಿ. ಬಿಚ್ಚಿ ನೋಡಿದ್ರೆ ಒಂದೇ ಒಂದು ಎಳೆ ತಾಮ್ರ ಉಳಿದಿರೋ ವೈರಲ್ಲೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತೆ, ಕರೆಂಟ್ ಹರಿಯುವಾಗ ಮಾತ್ರ ಬಂಡವಾಳ ಬಯಲಾಗೋದು. ಉದಾಹರಣೆಗೆ ಇಂಜಿನ್ ಓಡ್ತಾ ಬ್ಯಾಟರಿ ಹತ್ರ 13.9 ಇದೆ, ಪಂಪಿನ ಎರಡು ಪಿನ್ ನಡುವೆ 10.6 ಇದೆ ಅನ್ಕೊಳ್ಳಿ. 3.3 ವೋಲ್ಟ್ ದಾರಿಲಿ ಕಳೆದು ಹೋಗಿದೆ. ಈಗ ಪಂಪಿನ ಮೈನಸ್ ಪಿನ್ನಿಂದ ಬ್ಯಾಟರಿ ಮೈನಸ್ಸಿಗೆ ಅಳತೆ ಮಾಡಿ, ಅಲ್ಲಿ 2.4 ಬಂತು ಅಂದ್ರೆ ಹೆಚ್ಚಿನ ನಷ್ಟ ಅರ್ತ್ ಕಡೆ. ಬಾಡಿಗೆ ಅರ್ತ್ ಬೋಲ್ಟ್ ಹಾಕಿರೋ ಜಾಗ ಹುಡುಕಿ ನೋಡಿದ್ರೆ ರಿಂಗ್ ಟರ್ಮಿನಲ್ ಕೆಳಗೆ ಹಸಿರು ಪುಡಿ, ತುಕ್ಕು, ಒಂದು ಕಡೆ ಬಿಸಿಗೆ ಕಂದಾಗಿರೋ ಪ್ಲಾಸ್ಟಿಕ್. ಬಿಚ್ಚಿ, ಎಮರಿ ಪೇಪರಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಬಿಗಿಯಾಗಿ ಹಾಕಿದ್ರೆ ಪಂಪು ಹೊಸದರ ಥರ ಓಡುತ್ತೆ. ಹೊಸ ಪಂಪ್ ಹಾಕಿದ್ರೂ ಈ ಬೋಲ್ಟ್ ಹಾಗೇ ಬಿಟ್ಟಿದ್ರೆ ಪ್ರೆಷರ್ ಬರ್ತಿರ್ಲಿಲ್ಲ, ಕೊನೆಗೆ ಹೊಸ ಪಂಪೇ ಡೂಪ್ಲಿಕೇಟ್ ಅಂತ ಬೈಕೊಂಡು ಕೂರ್ತಿದ್ವಿ.

ನಷ್ಟ ಪ್ಲಸ್ ಕಡೆ ಇದ್ರೆ ರಿಲೇ ನೋಡಿ. ಹಳೇ ರಿಲೇ ಒಳಗಿನ ಬೆಸುಗೆ ಕಾಲಕ್ರಮೇಣ ಪಿನ್ ಸುತ್ತ ಉಂಗುರದ ಥರ ಬಿರುಕು ಬಿಡುತ್ತೆ, ಕ್ಯಾಬಿನ್ ಬಿಸಿಲಿಗೆ ಕಾದಾಗ ಬಿಡ್ಸಿಕೊಳ್ಳುತ್ತೆ, ತಣ್ಣಗಾದಾಗ ಮತ್ತೆ ತಾಗುತ್ತೆ. ಬಿಸಿಲಲ್ಲಿ ನಿಲ್ಲಿಸಿದಾಗ ಮಾತ್ರ ಸ್ಟಾರ್ಟ್ ಆಗಲ್ಲ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಟ್ರೆ ಆಗುತ್ತೆ ಅನ್ನೋ ಕಥೆ ಕೇಳಿದ್ರೆ ನನಗೆ ಮೊದಲು ನೆನಪಾಗೋದು ಇದೇ. ಭೂತಗನ್ನಡಿ ಹಿಡಿದು ನೋಡಿದ್ರೆ ಕಾಣುತ್ತೆ.

ಇಂಜಿನ್ ಆಫ್ ಮಾಡಿದ ಮೇಲೂ ಗೇಜ್ ನೋಡ್ತಾ ಇರಿ. ಪ್ರೆಷರ್ ಸ್ವಲ್ಪ ಇಳಿದು ನಿಲ್ಲಬೇಕು, ಒಂದೇ ನಿಮಿಷದಲ್ಲಿ ಸೊನ್ನೆಗೆ ಬಂದ್ರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹೋಗದ ಹಾಗೆ ತಡೆಯೋದು), ಪ್ರೆಷರ್ ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಲೀಕ್. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದು ನೋಡಿ, ಒಳಗೆ ಪೆಟ್ರೋಲ್ ಹಸಿ ಇದ್ರೆ ಡಯಾಫ್ರಮ್ ಹರಿದಿದೆ, ಮುಗೀತು. ಐಡ್ಲಿಂಗ್‌ನಲ್ಲಿ ಆ ಪೈಪ್ ಎಳೆದಾಗ ಪ್ರೆಷರ್ ಸುಮಾರು ಅರ್ಧ ಬಾರ್ ಏರ್ಬೇಕು, ಏರದಿದ್ರೂ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಬೆಳಿಗ್ಗೆ ಮಾತ್ರ ಕಷ್ಟ ಪಡೋ ಗಾಡಿಗೆ ಸುಲಭದ ಪರೀಕ್ಷೆ ಅಂದ್ರೆ ಕೀ ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಫ್, ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ, ತಟ್ ಅಂತ ಸ್ಟಾರ್ಟ್ ಆದ್ರೆ ಪ್ರೆಷರ್ ಇಳಿಯೋದೇ ರೋಗ.

ಬಿಸಿಗೆ ಸಾಯೋ ಸೆನ್ಸರ್‌ಗಳು

ಕ್ರ್ಯಾಂಕ್ ಸೆನ್ಸರ್ ಇಂಜಿನ್ ಬ್ಲಾಕಿಗೆ ಅಂಟಿಕೊಂಡೇ ಇರುತ್ತೆ, ಎಷ್ಟೋ ಸೆನ್ಸರ್‌ಗಳ ಒಳಗಡೆ ತಲೆಕೂದಲಿನಷ್ಟು ಸಣ್ಣ ತಂತಿ ಸುತ್ತಿರ್ತಾರೆ, ವರ್ಷಗಟ್ಟಲೆ ಬಿಸಿ ತಿಂದು ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತೆ. ತಣ್ಣಗಿದ್ದಾಗ ತುದಿ ತುದಿ ತಾಗಿರುತ್ತೆ, ಬಿಸಿ ಆದಾಗ ಬಿಡುತ್ತೆ. ಅದಕ್ಕೇ ತಣ್ಣಗಿರುವಾಗ ಓಮ್ಸ್ ಅಳೆದು ಸೆನ್ಸರ್ ಸರಿ ಇದೆ ಅನ್ನೋ ಮಾತು ನಂಬಬೇಡಿ. ಕೈ ಕೊಟ್ಟಾಗ ಸೆನ್ಸರ್ ಮೇಲೆ ಮಾತ್ರ ಫ್ರೀಜ್ ಸ್ಪ್ರೇ ಹೊಡೀರಿ, ಇಲ್ಲಾಂದ್ರೆ ಒದ್ದೆ ಬಟ್ಟೆ ಒತ್ತಿ ಹಿಡೀರಿ. ತಕ್ಷಣ ಸ್ಟಾರ್ಟ್ ಆಯ್ತಾ, ಹೊಸದು ಹಾಕಿ.

ಕೂಲೆಂಟ್ ಸೆನ್ಸರ್ ಇನ್ನೊಂಥರ ಮಾಯಾವಿ. ಅದು ಇಂಜಿನ್ ತಣ್ಣಗಿದೆ ಅಂತ ಸುಳ್ಳು ಹೇಳಿದ್ರೆ ಕಂಪ್ಯೂಟರ್ ಬಿಸಿ ಇಂಜಿನ್‌ಗೂ ಸುಮ್ನೆ ಪೆಟ್ರೋಲ್ ಸುರಿಯುತ್ತೆ, ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ, ಪ್ಲಗ್ ಕಪ್ಪಾಗುತ್ತೆ, ಪಿಕಪ್ ಸಾಯುತ್ತೆ, ಮೈಲೇಜ್ ಬಿದ್ದುಹೋಗುತ್ತೆ. ಬಿಸಿ ಇದೆ ಅಂತ ಸುಳ್ಳು ಹೇಳಿದ್ರೆ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಬೇಕಾದಷ್ಟು ಪೆಟ್ರೋಲ್ ಸಿಗಲ್ಲ. ಹೆಚ್ಚಿನವು 20 ಡಿಗ್ರಿಲಿ 2ರಿಂದ 3 ಕಿಲೋ ಓಮ್ಸ್, ಇಂಜಿನ್ ಪೂರ್ತಿ ಬಿಸಿ ಆದಾಗ ಇನ್ನೂರು ಮುನ್ನೂರು ಓಮ್ಸ್ ತೋರಿಸ್ತವೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಸರಿ ಇದೆ ಅಂತ ಬಿಡ್ಬೇಡಿ, ಎಷ್ಟೋ ಹಳೇ ಗಾಡಿಲಿ ಮುಳ್ಳಿಗೆ ಒಂದು ಸೆನ್ಸರ್, ಕಂಪ್ಯೂಟರ್‌ಗೆ ಇನ್ನೊಂದು.

ಸ್ಪಾರ್ಕ್

ಪ್ಲಗ್ ಬಿಚ್ಚಿ ವರಸೆಯಾಗಿ ಇಡಿ, ಯಾವುದು ಯಾವ ಸಿಲಿಂಡರ್‌ದು ಅಂತ ಗುರುತು ಇರ್ಲಿ. ತಿಳಿ ಕಂದು ಇದ್ರೆ ಆರೋಗ್ಯ, ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ, ಎಣ್ಣೆ ಎಣ್ಣೆ ಕಪ್ಪು ಇದ್ರೆ ಆಯಿಲ್ ಒಳಗೆ ಬರ್ತಿದೆ, ಬೆಳ್ಳಗೆ ಸುಟ್ಟ ಹಾಗಿದ್ರೆ ಪೆಟ್ರೋಲ್ ಕಮ್ಮಿ ಅಥವಾ ಗಾಳಿ ಜಾಸ್ತಿ. ನಾಲ್ಕೂ ಒಂದೇ ಥರ ಇದ್ಯಾ ಒಂದೇ ಬೇರೆ ಥರ ಇದ್ಯಾ ಅನ್ನೋದೇ ಬಣ್ಣಕ್ಕಿಂತ ಮುಖ್ಯ. ಗ್ಯಾಪ್ ಹೆಚ್ಚಾಗಿ 0.7ರಿಂದ 1.1 ಮಿಲಿಮೀಟರ್ ನಡುವೆ ಇರುತ್ತೆ, ಸವೆದು ಗ್ಯಾಪ್ ದೊಡ್ಡದಾದ್ರೆ ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡ್ಬೇಕಾಗುತ್ತೆ, ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ ಆಗಿ ಸ್ಪಾರ್ಕ್ ಹಾರೋದು ಇನ್ನೂ ಕಷ್ಟ. ಅದಕ್ಕೇ ಐಡ್ಲಿಂಗ್ ಚೆನ್ನಾಗಿರುತ್ತೆ, ಎಳೆಯುವಾಗ ಮಾತ್ರ ಮಿಸ್ಸಿಂಗ್.

ವೈರು ಕ್ಯಾಪು ಪರೀಕ್ಷೆ ಮಾಡೋಕೆ ಕತ್ತಲಲ್ಲಿ ಇಂಜಿನ್ ಓಡಿಸಿ ಸಣ್ಣಗೆ ನೀರು ಸ್ಪ್ರೇ ಮಾಡಿ ದೂರದಿಂದ ನೋಡಿ, ನೀಲಿ ಕಿಡಿ ಎಲ್ಲಿ ಹಾರುತ್ತೋ ಅಲ್ಲೇ ಲೀಕ್. ಕೈ ಹಾಕ್ಬೇಡಿ, ಅಲ್ಲಿರೋದು ಸಾವಿರಾರು ವೋಲ್ಟ್. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಪೆನ್ಸಿಲ್ ಗೆರೆ ಥರ ಕಪ್ಪು ದಾರಿ ಕಂಡ್ರೆ ಒರೆಸಿ ವಾಪಸ್ ಹಾಕ್ಬೇಡಿ, ಕ್ಯಾಪ್ ಬದಲಾಯಿಸಿ.

ಗಾಳಿ, ಮತ್ತೆ ಸ್ಕ್ಯಾನರ್ ಇದ್ರೆ ಏನು ನೋಡೋದು

ಏರ್ ಫಿಲ್ಟರ್ ನೋಡಿ, ಅದಾದ್ಮೇಲೆ ಥ್ರಾಟಲ್‌ವರೆಗಿನ ರಬ್ಬರ್ ಪೈಪನ್ನ ಕೈಯಲ್ಲಿ ಬಗ್ಗಿಸಿ ಮಡಿಕೆಗಳ ನಡುವೆ ನೋಡಿ, ಸೀಳು ಇರೋದು ಅಲ್ಲೇ, ಸುಮ್ನೆ ನೋಡಿದ್ರೆ ಕಾಣಲ್ಲ. ಗೇರ್ ಹಾಕಿ ಎಳೆದಾಗ ಇಂಜಿನ್ ವಾಲಿ ಸೀಳು ಬಾಯಿ ಬಿಡುತ್ತೆ, ಅದಕ್ಕೇ ನಿಂತಲ್ಲಿ ರೇಸ್ ಮಾಡಿದ್ರೆ ಸರಿ ಇರುತ್ತೆ ಓಡಿಸಿದ್ರೆ ಕೆಡುತ್ತೆ.

1996ರ ಮಾಡೆಲ್‌ನಿಂದ ಅಮೆರಿಕದಲ್ಲಿ, 2001ರಿಂದ ಯುರೋಪಿನಲ್ಲಿ ಮಾರಾಟಕ್ಕೆ ಬಂದ ಪೆಟ್ರೋಲ್ ಗಾಡಿಗಳಲ್ಲಿ ಓಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚಿ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಜಾಗ) ಇರುತ್ತೆ, ಬೇರೆ ಕಡೆ ಸ್ವಲ್ಪ ಆಮೇಲೆ ಬಂತು. ಸ್ಕ್ಯಾನರ್ ಹಾಕಿದ ತಕ್ಷಣ ಕೋಡ್ ಓದಿ ಆ ಪಾರ್ಟ್ ತರೋದಲ್ಲ. ಪಿ0171 ಅಂದ್ರೆ ಮಿಕ್ಸ್ಚರ್ ತೆಳು (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ) ಅಂತಷ್ಟೇ, ಯಾಕೆ ಅಂತ ಅದು ಹೇಳಲ್ಲ. ಫ್ಯೂಯಲ್ ಟ್ರಿಮ್ ನೋಡಿ, ಅಂದ್ರೆ ಮಿಕ್ಸ್ಚರ್ ಸರಿ ಮಾಡೋಕೆ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ. ಐಡ್ಲಿಂಗ್‌ನಲ್ಲಿ ಟ್ರಿಮ್ ತುಂಬಾ ಮೇಲಿದ್ದು ಆರ್‌ಪಿಎಂ ಏರಿಸಿದಾಗ ಕೆಳಗೆ ಬಂದ್ರೆ ವ್ಯಾಕ್ಯೂಮ್ ಲೀಕ್ (ಲೆಕ್ಕಕ್ಕೆ ಸಿಗದೆ ಗಾಳಿ ಒಳಗೆ ನುಗ್ಗೋದು), ಐಡ್ಲಿಂಗ್‌ನಲ್ಲಿ ಸರಿ ಇದ್ದು ಎಳೆಯುವಾಗ ಮೇಲೇರ್ತಾ ಹೋದ್ರೆ ಪೆಟ್ರೋಲ್ ಸಾಲ್ತಿಲ್ಲ ಅಥವಾ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿ ಬರ್ತಿರೋ ಗಾಳಿನ ಕಮ್ಮಿ ಲೆಕ್ಕ ಹಾಕ್ತಿದೆ. ಪಿ0335 ಬಂದ್ರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಸೆನ್ಸರ್ರೇ ಅಂತಲ್ಲ, ವೈರೂ ಕನೆಕ್ಟರೂ ಅದರಲ್ಲೇ ಬರುತ್ತೆ. ಇಂಜಿನ್ ಓಡ್ತಾ ಇರುವಾಗ ವೈರಿನ ಕಟ್ಟನ್ನ ಇಲ್ಲಿಷ್ಟು ಅಲ್ಲಿಷ್ಟು ಅಲುಗಿಸ್ತಾ ಹೋಗಿ, ಫ್ಯಾನು ಬೆಲ್ಟಿನಿಂದ ಕೈ ದೂರ ಇರ್ಲಿ, ಇಂಜಿನ್ ಎಲ್ಲಿ ಮುಗ್ಗರಿಸುತ್ತೋ ಅಲ್ಲಿ ಬಿಚ್ಚಿ ನೋಡಿ.

ಇಷ್ಟೆಲ್ಲ ಸರಿ ಇದ್ದೂ ಎಳೆಯಲ್ಲ ಅಂದ್ರೆ

ಉಸಿರು ಬಿಡೋ ಕಡೆ ನೋಡಿ. ಹಳೇ ಗಾಡಿಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಜೇನುಗೂಡು ಕರಗಿಯೋ ಮುರಿದೋ ದಾರಿ ಕಟ್ಟುತ್ತೆ. ವ್ಯಾಕ್ಯೂಮ್ ಗೇಜ್ ಹಾಕಿ 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ, ಮುಳ್ಳು ನಿಲ್ಲದೆ ಮೆಲ್ಲಮೆಲ್ಲಗೆ ಇಳೀತಾ ಹೋದ್ರೆ ಎಕ್ಸಾಸ್ಟ್ ಬ್ಲಾಕ್. ತಟ್ಟಿದಾಗ ಒಳಗೆ ಗಲಗಲ ಅಂದ್ರೂ ಅದೇ. ಆದ್ರೆ ಕನ್ವರ್ಟರ್ ತಾನಾಗೇ ಸಾಯೋದು ಕಮ್ಮಿ, ಮಿಸ್ಸಿಂಗ್ ಆಗಿ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಕರಗಿಸಿರುತ್ತೆ, ಮೂಲ ರಿಪೇರಿ ಮಾಡದೆ ಹೊಸದು ಹಾಕಿದ್ರೆ ಅದನ್ನೂ ತಿನ್ನುತ್ತೆ.

ಇಂಜಿನ್ನೇ ಕಾರಣ ಅಲ್ದೇನೂ ಇರಬಹುದು. ಏರಿನಲ್ಲಿ ಟಾಪ್ ಗೇರಲ್ಲಿ ಒತ್ತಿದಾಗ ಆರ್‌ಪಿಎಂ ಏರಿ ಸ್ಪೀಡ್ ಏರದಿದ್ರೆ ಕ್ಲಚ್. ಸ್ವಲ್ಪ ದೂರ ಓಡಿಸಿ ಬಂದು ಚಕ್ರದ ಹತ್ರ ಕೈ ತಂದು ನೋಡಿ, ಮುಟ್ಟೋದು ಬೇಡ, ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಕಾರ್ತಿದ್ರೆ ಬ್ರೇಕ್ ಹಿಡ್ಕೊಂಡಿದೆ. ಕೊನೆಗೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು), ಎಲ್ಲ ಸಿಲಿಂಡರ್‌ಗಳೂ ಸಮ ಕಮ್ಮಿ ಇದ್ರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಹಾರಿದ್ಯಾ ನೋಡಿ, ಇತ್ತೀಚೆಗೆ ಬೆಲ್ಟ್ ಬದಲಾಯಿಸಿದ ಮೇಲೇ ಪಿಕಪ್ ಹೋಗಿದ್ರೆ ಇದನ್ನೇ ಮೊದಲು ನೋಡಿ.

ಕಾರ್ಬುರೇಟರ್ ಗಾಡಿಗೆ ತರ್ಕ ಇದೇ, ಪಾರ್ಟ್ ಬೇರೆ. ಇಂಜಿನ್ ಆಫ್ ಇಟ್ಟು ಏರ್ ಕ್ಲೀನರ್ ತೆಗೆದು ಥ್ರಾಟಲ್ ಕೈಯಲ್ಲಿ ತಿರುಗಿಸಿ, ಒಳಗೆ ಪೆಟ್ರೋಲ್ ಚಿಮ್ಮಬೇಕು, ಚಿಮ್ಮದಿದ್ರೆ ಆಕ್ಸಿಲರೇಟರ್ ಪಂಪ್ ಡಯಾಫ್ರಮ್ ಹೋಗಿದೆ ಇಲ್ಲಾ ಫ್ಲೋಟ್ ಬೌಲ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ನಿಲ್ಲೋ ಬಟ್ಟಲು) ಖಾಲಿ ಇದೆ, ಒತ್ತಿದ ತಕ್ಷಣ ಗಾಡಿ ತಡವರಿಸೋದು ಇದಕ್ಕೇ. ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ರೆ ಚೋಕ್ ಪೂರ್ತಿ ತೆರೆದಿದ್ಯಾ ನೋಡಿ, ಫ್ಯೂಯಲ್ ಪೈಪ್ ಎಕ್ಸಾಸ್ಟ್ ಹತ್ರ ಹಾದು ಹೋಗಿ ಒಳಗೆ ಆವಿ ಕಟ್ಟಿಕೊಳ್ತಿದ್ಯಾ ನೋಡಿ. ಪಿಕಪ್ಪಿಗೆ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ತೂಕಗಳು (ಆರ್‌ಪಿಎಂ ಏರಿದಾಗ ಸ್ಪಾರ್ಕ್ ಮುಂಚೆ ಹಾರೋ ಹಾಗೆ ಮಾಡೋವು) ಜಿಡ್ಡು ಹಿಡಿದು ಕೂತಿರೋದೂ ಕಾರಣ ಆಗುತ್ತೆ, ಟೈಮಿಂಗ್ ಲೈಟ್ ಹಿಡಿದು ಆರ್‌ಪಿಎಂ ಏರಿಸಿದಾಗ ಗುರುತು ಸರಿಯದೆ ಅಲ್ಲೇ ನಿಂತ್ರೆ ಅದೇ.

ರಿಪೇರಿ ಆಯ್ತು ಅಂತ ಹೇಳೋಕೆ ಮುಂಚೆ ಮೊದಲು ಬರೆದಿಟ್ಟ ಪೇಪರ್ ತೆಗೀರಿ, ಯಾವ ಪರಿಸ್ಥಿತಿಲಿ ಕೈ ಕೊಡ್ತಿತ್ತೋ ಅದನ್ನೇ ಬೇಕಂತ ಸೃಷ್ಟಿ ಮಾಡಿ. ಬಿಸಿ ಮಾಡಿ ಹತ್ತು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡೋದು, ಅದೇ ಏರಿಗೆ ಅದೇ ಗೇರಲ್ಲಿ ಹೋಗೋದು, ಟ್ಯಾಂಕ್ ಕಮ್ಮಿ ಇದ್ದಾಗ ಆಗ್ತಿತ್ತು ಅಂದ್ರೆ ಟ್ಯಾಂಕ್ ಕಮ್ಮಿ ಆಗೋವರೆಗೂ ಕಾಯೋದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪಂಪು ಕಾಯಿಲು ಸೆನ್ಸರು ಮೂರೂ ಒಂದೇ ದಿನ ಹಾಕಿದ್ರೆ ಗಾಡಿ ಸರಿ ಹೋದ್ರೂ ಯಾವುದರಿಂದ ಅಂತ ತಿಳಿಯಲ್ಲ, ಮತ್ತೆ ಕೆಟ್ರೆ ಪುನಃ ಮೊದಲಿಂದ. ಬಿಚ್ಚಿದ ಹಳೇ ಪಾರ್ಟನ್ನ ಸ್ವಲ್ಪ ದಿನ ಎಸೀಬೇಡಿ, ಅದು ಚೆನ್ನಾಗಿತ್ತು ಅಂತ ಆಮೇಲೆ ಗೊತ್ತಾದ್ರೆ ಡಿಕ್ಕಿಲಿ ಸ್ಪೇರ್ ಆಗಿ ಇಟ್ಕೋಬಹುದು.